ಕಠಾರಿ ಹೋಯಿತು, ಖುಕ್ರಿ ಉಳಿಯಿತು



ಹಿರೇಹಡಗಲಿ, ಕೊಟ್ಟೂರು, ಹರಪನಹಳ್ಳಿ ಕಡೆಯಿಂದ ಹಂಪಿಗೆ ಹೋಗಿಬಂದವರು ವಿಜಯನಗರದ ರಾಜಲಾಂಛನ ಬಲ್ಲಿರಿ: ವರಾಹ, ಅದರ ಮುಂದೆ ತುದಿ ಕೆಳಗಾಗಿ ನಿಂತ ಕತ್ತಿ, ಮೇಲೆ ಸೂರ್ಯಚಂದ್ರ. ಅಲ್ಲಿ ಆಳಿದ ಸಾಳುವ ವಂಶದವರಂತೂ ‘ಕಠಾರಿ ಸಾಳುವ’ ಎಂಬ ಬಿರುದನ್ನೇ ಹೊತ್ತರು.

ಈ ಕಠಾರಿಗೆ ಮಾಮೂಲಿ ಹಿಡಿ ಇಲ್ಲ. ಉದ್ದಕ್ಕೆ ಎರಡು ಕಬ್ಬಿಣದ ಪಟ್ಟಿ, ನಡುವೆ ಅಡ್ಡಪಟ್ಟಿ. ಅಡ್ಡಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದರೆ ಅಲಗು ಗೆಣ್ಣುಗಳ ಮುಂದಕ್ಕೆ ಚಾಚುತ್ತದೆ; ಗುದ್ದಿದರೆ ಅದೇ ಇರಿತ. ತೋಳಿನ ಬಲವೆಲ್ಲ ತುದಿಗೆ ಇಳಿಯುವುದರಿಂದ ಉಕ್ಕಿನ ಬಳೆಗಳ ಕವಚವನ್ನೂ ಸೀಳಬಲ್ಲದು. ಯುರೋಪಿನ ಮುರಿದ ಕತ್ತಿಗಳ ಅಲಗು ತಂದು ಮೊಳೆ ಬಡಿದು ಕೂರಿಸಿದ ಕಠಾರಿಗಳೂ ಉಂಟು.

ಇಷ್ಟು ಜಾಣತನದ ಆಯುಧ ಈಗ ಮ್ಯೂಸಿಯಮ್ಮಿನ ಗಾಜಿನೊಳಗಿದೆ. ನನಗೆ ತೋಚುವ ಕಾರಣ ಸರಳ: ಅದರಿಂದ ಮನುಷ್ಯನನ್ನು ಇರಿಯಬಹುದು, ಒಂದು ಜಾಲಿಕೊಂಬೆ ಸವರಲಾಗದು. ಬಂದೂಕು ಬಂತು, ಇರಿಯುವ ಪ್ರಸಂಗ ಕಡಿಮೆಯಾಯಿತು, ಕಠಾರಿ ದರ್ಬಾರಿನವರ ನಡುಕಟ್ಟಿನ ಒಡವೆಯಾಯಿತು.

ಕೊಡಗಿನ ಒಡಿಕತ್ತಿಯ ಕತೆ ಬೇರೆ. ಅಗಲ ಅಲಗಿನ, ಬಾಗಿದ, ತೂಕದ ಕತ್ತಿ ಅದು. ಬೆನ್ನ ಹಿಂದೆ ಹಿತ್ತಾಳೆಯ ತೊಡಂಗಿಗೆ ಸಿಕ್ಕಿಸುತ್ತಾರೆ. ಸೊಂಟದ ಮುಂದೆ ಬೆಳ್ಳಿ ಕೆಲಸದ ಪೀಚೆಕತ್ತಿ. 1834ರಲ್ಲಿ ಬ್ರಿಟಿಷರು ಕೊಡಗನ್ನು ನುಂಗಿದ ಮೇಲೆ ರಣದಲ್ಲಿ ಒಡಿಕತ್ತಿಗೆ ಕೆಲಸ ಉಳಿಯಲಿಲ್ಲ. ಆದರೆ ಮದುವೆಯಲ್ಲಿ ಬಾಳೆ ಕಡಿಯಲು ಇವತ್ತಿಗೂ ಅದೇ ಬೇಕು, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯ ಪಕ್ಕ ಅದಕ್ಕೂ ಪೂಜೆ. ಕಾರ್ಯಪ್ಪ, ತಿಮ್ಮಯ್ಯನವರಂಥ ಸೇನಾನಿಗಳನ್ನು ಕೊಟ್ಟ ಆ ನಾಡಿನವರು ಸೈನ್ಯಕ್ಕೆ ಹೊರಟಾಗ ಕತ್ತಿಯನ್ನು ಮನೆಯಲ್ಲೇ ಬಿಟ್ಟರು.

ಬಿಡದವರು ಗೂರ್ಖರು. ನೇಪಾಳದ ಹಳ್ಳಿಗಳಲ್ಲಿ ಖುಕ್ರಿ ಎಂದರೆ ನಮ್ಮ ಮನೆಗಳ ಮಚ್ಚು ಇದ್ದಂತೆ: ಸೌದೆ ಸೀಳಲು, ಪೊದೆ ಸವರಲು, ಆಡು ಕಡಿಯಲು. ನೇಪಾಳದ ಜೊತೆಗಿನ 1814ರಿಂದ 16ರ ಯುದ್ಧದಲ್ಲಿ ಅದರ ಏಟು ತಿಂದ ಬ್ರಿಟಿಷರು, 1815ರಲ್ಲೇ ಅದನ್ನು ಹಿಡಿದವರನ್ನು ತಮ್ಮ ಸೈನ್ಯಕ್ಕೆ ಸೇರಿಸಿಕೊಳ್ಳತೊಡಗಿದರು. ಖುಕ್ರಿಯ ಒರೆಯಲ್ಲೇ ಇನ್ನೆರಡು ಪುಟ್ಟ ಉಪಕರಣಗಳು ಇರುತ್ತವೆ: ಸಣ್ಣ ಕೆಲಸಕ್ಕೆ ಕರ್ದಾ, ಮಸೆಯಲು, ಕಿಡಿ ಹೊತ್ತಿಸಲು ಮೊಂಡಾದ ಚಕ್ಮಕ್. ಒರೆಯಿಂದ ತೆಗೆದರೆ ರಕ್ತ ಕಾಣದೆ ಮರಳಿ ಇಡಬಾರದು ಎನ್ನುವುದು ಬರೀ ಕಟ್ಟುಕತೆ. ಹಾಗಿದ್ದಿದ್ದರೆ ಈರುಳ್ಳಿ ಹೆಚ್ಚುವುದೂ ಕಷ್ಟವಾಗುತ್ತಿತ್ತು!

ಮೊದಲ ಮಹಾಯುದ್ಧದ ಕಂದಕಗಳಲ್ಲಿ ಉದ್ದ ಬಂದೂಕು ತಿರುಗಿಸಲು ಜಾಗವಿರಲಿಲ್ಲ. ಫ್ರಾನ್ಸಿನಲ್ಲಿ, 1915ರ ಗ್ಯಾಲಿಪೊಲಿಯಲ್ಲಿ ಖುಕ್ರಿ ಒರೆಯಿಂದ ಹೊರಬಂತು. ಅದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ಈಟಿ, ಕತ್ತಿ ಹಿಡಿದು ಹೈಫಾ ಗೆದ್ದರು. ಆ ಈಟಿಗೆ ಕುದುರೆಯೇ ಆಧಾರ; ಕುದುರೆ ರಣದಿಂದ ಮರೆಯಾದಂತೆ ಈಟಿಯೂ ಹೋಯಿತು. ಎರಡನೇ ಯುದ್ಧದ ಬರ್ಮಾ ಕಾಡಿನಲ್ಲೋ, ಹಗಲು ದಾರಿ ಕಡಿದ ಖುಕ್ರಿಯೇ ರಾತ್ರಿ ಜಪಾನಿಯರ ಎದುರು ನಿಂತಿತು.

1947ರಲ್ಲಿ ಹತ್ತು ಗೂರ್ಖಾ ರೆಜಿಮೆಂಟುಗಳಲ್ಲಿ ಆರು ಭಾರತಕ್ಕೆ, ನಾಲ್ಕು ಬ್ರಿಟನ್ನಿಗೆ ಹಂಚಿಹೋದವು. ಎರಡೂ ಕಡೆ ಖುಕ್ರಿ ಉಳಿದಿದೆ. ಬ್ರಿಟನ್ನಿನ ಗೂರ್ಖಾ ಸೈನಿಕನಿಗೆ ಎರಡು ಕೊಡುತ್ತಾರೆ, ಒಂದು ಪರೇಡಿಗೆ, ಇನ್ನೊಂದು ಕೆಲಸಕ್ಕೆ.