ಅಂಚೆ ಡಬ್ಬಿಗೆ ಹಿಡಿಸದ ಕಾರ್ಡು



1915ರಲ್ಲಿ ಕುವೈತಿನಲ್ಲಿ ಒಂದು ಅಂಚೆ ಕಚೇರಿ ತೆರೆಯಿತು. ಅದನ್ನು ನಡೆಸುತ್ತಿದ್ದುದು ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆ. ನಮ್ಮ ಮಂಗಳೂರಿನಲ್ಲೋ ಧಾರವಾಡದಲ್ಲೋ ಕಾಗದಕ್ಕೆ ಹಚ್ಚುತ್ತಿದ್ದ ಸ್ಟ್ಯಾಂಪುಗಳೇ ಅಲ್ಲೂ ಚಲಾವಣೆಯಲ್ಲಿದ್ದವು. 1923ರಿಂದ ಐದನೇ ಜಾರ್ಜ್ ದೊರೆಯ ಚಿತ್ರದ ಮೇಲೆ ‘ಕುವೈತ್’ ಎಂದು ಒತ್ತಿದ ಭಾರತದ ಸ್ಟ್ಯಾಂಪುಗಳು ಬಂದವು. 1948ರ ಮೇಲೆ ಬ್ರಿಟನ್ನಿನ ಸ್ಟ್ಯಾಂಪು ಬಂತು. ಅದರ ಮೇಲೂ ಬೆಲೆ ಒತ್ತಿದ್ದು ಆಣೆ, ರೂಪಾಯಿಗಳಲ್ಲೇ. ಕುವೈತ್ ತನ್ನ ಅಂಚೆಯನ್ನು ತಾನೇ ವಹಿಸಿಕೊಂಡದ್ದು 1959ರಲ್ಲಿ. ಸ್ವಂತದ ದಿನಾರ್ ಬಂದದ್ದು 1961ರಲ್ಲಿ.

ಕೈಯಲ್ಲಿ ಮಾಡುವ ಶುಭಾಶಯದ ಕಾರ್ಡು, ಉಡುಗೊರೆಗೆ ಕಟ್ಟುವ ಚೀಟಿ, ಇವುಗಳ ಬಗ್ಗೆ ಮಾತಾಡುತ್ತೇನೆಂದು ಒಪ್ಪಿಕೊಂಡು ಬಂದವಳು ನಾನು. ಅಂಚೆಯ ಪುರಾಣ ತೆಗೆದಳಲ್ಲ ಎಂದು ನೀವು ಹುಬ್ಬೇರಿಸಬಹುದು. ನನ್ನ ಮಟ್ಟಿಗೆ ಕಾರ್ಡಿನ ಕಥೆಯ ಅರ್ಧ ಭಾಗ ಅಂಚೆಯದೇ. ಅಂಚೆಯ ಚೀಲದಲ್ಲಿ ಹೋಗುವಷ್ಟು ಕಾಲ ಕಾರ್ಡು ತೆಳ್ಳಗೆ, ಚಪ್ಪಟೆಯಾಗಿ ಇರಲೇಬೇಕಿತ್ತು. ಅಂಚೆಯ ಹಂಗು ತಪ್ಪಿದ ಮೇಲೆ ಅದು ಉಬ್ಬಿತು, ಪದರ ಪದರವಾಯಿತು, ತೆರೆದರೆ ಎದ್ದು ನಿಲ್ಲತೊಡಗಿತು. ಕುವೈತಿನ ನಮ್ಮವರ ಮನೆಗಳಲ್ಲಿ ಇವತ್ತು ಮಾಡುವ ಕಾರ್ಡುಗಳನ್ನು ಅಂಚೆ ಡಬ್ಬಿಯ ಸೀಳಿನಲ್ಲಿ ತೂರಿಸಲಿಕ್ಕೇ ಆಗುವುದಿಲ್ಲ.

ಇಂಗ್ಲೆಂಡಿನಲ್ಲಿ 1840ಕ್ಕಿಂತ ಹಿಂದೆ ಅಂಚೆಯ ದರವನ್ನು ದೂರ ಮತ್ತು ಹಾಳೆಗಳ ಎಣಿಕೆಯ ಮೇಲೆ ಕಟ್ಟುತ್ತಿದ್ದರು. ಲಕೋಟೆ ಹಾಕಿದರೆ ಅದೂ ಒಂದು ಹಾಳೆ. ಹಾಗಾಗಿ ಜನ ಕಾಗದವನ್ನೇ ಮಡಿಸಿ, ಅರಗು ಹಾಕಿ, ಬೆನ್ನಿಗೆ ವಿಳಾಸ ಬರೆಯುತ್ತಿದ್ದರು. ರೋಲೆಂಡ್ ಹಿಲ್ ಎಂಬಾತನ ಹಟದಿಂದ 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂತು. ಅರ್ಧ ಔನ್ಸು, ಅಂದರೆ ಸುಮಾರು 14 ಗ್ರಾಮ್ ತೂಕದ ಕಾಗದ ದೇಶದ ಯಾವ ಮೂಲೆಗಾದರೂ ಒಂದೇ ದರದಲ್ಲಿ ಹೋಗುತ್ತಿತ್ತು. ಆ ಕೆಲಸದಲ್ಲಿ ಹಿಲ್‌ಗೆ ಕೈಜೋಡಿಸಿದ್ದ ಹೆನ್ರಿ ಕೋಲ್ 1843ರಲ್ಲಿ ಜಾನ್ ಹಾರ್ಸ್ಲಿ ಎಂಬ ಕಲಾವಿದನಿಂದ ಚಿತ್ರ ಬರೆಸಿ ಕ್ರಿಸ್‌ಮಸ್ ಕಾರ್ಡು ಅಚ್ಚು ಹಾಕಿಸಿದ. ಅಚ್ಚಿನಲ್ಲಿ ಬಂದದ್ದು ಗೆರೆಗಳು ಮಾತ್ರ. ಬಣ್ಣ ತುಂಬಿದ್ದು ಕೈಯಲ್ಲಿ. ಬೆಲೆ ಒಂದು ಶಿಲ್ಲಿಂಗ್, ಎಂದರೆ ಕಳಿಸುವ ಖರ್ಚಿನ ಹನ್ನೆರಡು ಪಟ್ಟು. ಬಡವರ ಕೈಗೆ ಎಟುಕುವ ಮಾತೇ ಇರಲಿಲ್ಲ. ಚಿತ್ರದಲ್ಲಿ ಮಗುವಿನ ಬಾಯಿಗೂ ವೈನ್ ಲೋಟ ಹಿಡಿದಿದ್ದಾರೆಂದು ಕೆಲವರು ರೇಗಿದ್ದೂ ಉಂಟು.

ಅದೇ ಹೊತ್ತಿಗೆ ಅಮೆರಿಕದ ವುಸ್ಟರ್ ಪಟ್ಟಣದಲ್ಲಿ ಎಸ್ತರ್ ಹೌಲೆಂಡ್ ಎಂಬ ತರುಣಿ ಇದ್ದಳು. ತಂದೆಯದು ಕಾಗದ, ಪುಸ್ತಕದ ಅಂಗಡಿ. 1840ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಒಂದು ಪ್ರೇಮದ ಕಾರ್ಡನ್ನು ನೋಡಿ, ಇಂಥದ್ದನ್ನು ನಾನೇ ಮಾಡಬಲ್ಲೆ ಎಂದು ಕೂತಳು. ಜಾಲರಿ ಕಾಗದ, ಅದರಡಿಗೆ ಬಣ್ಣದ ಚಿಕ್ಕ ಬಿಲ್ಲೆ, ಮೇಲೊಂದು ಹೂವಿನ ಚಿತ್ರ. ಆರ್ಡರುಗಳು ಸುರಿದಾಗ ಗೆಳತಿಯರನ್ನು ಕೂರಿಸಿಕೊಂಡು ಒಬ್ಬಳು ಕತ್ತರಿಸುವುದು, ಒಬ್ಬಳು ಅಂಟಿಸುವುದು ಎಂದು ಕೆಲಸ ಹಂಚಿದಳು. ಇವತ್ತಿನ ಕಾರ್ಡು ತಯಾರಕರು ‘ಲೇಯರಿಂಗ್’ ಎನ್ನುವ ಪದರದ ಕೆಲಸಕ್ಕೆ ನಾನು ಈ ಹೆಂಗಸನ್ನೇ ಹಿರಿಯಳೆಂದು ಎಣಿಸುತ್ತೇನೆ.

ನಮ್ಮ ಕಡೆ ಪೋಸ್ಟ್‌ಕಾರ್ಡು ಬಂದದ್ದು 1879ರ ಜುಲೈ 1ರಂದು, ಕಾಲಾಣೆ ಬೆಲೆಗೆ. ಕಾಲಾಣೆಯ ಕಾರ್ಡಿಗೆ ಅಲಂಕಾರ ಎಲ್ಲಿಂದ ಬರಬೇಕು? ಮದುವೆಯ ಸುದ್ದಿಯಾದರೆ ನಾಲ್ಕು ಮೂಲೆಗೆ ಅರಿಶಿನ ಸವರಿದರು. ತೂಕವಿಲ್ಲದ ಅಲಂಕಾರವದು. ಓದು ಬಾರದ ಅಜ್ಜಿಗೂ ಅಂಚೆಯವನ ಕೈಯಲ್ಲಿದ್ದಾಗಲೇ ಶುಭವೆಂದು ತಿಳಿಯುತ್ತಿತ್ತು. ಈಗಿನ ಎಷ್ಟೋ ಝಗಮಗ ಕಾರ್ಡುಗಳಿಗಿಂತ ಅದೇ ಮೇಲು ಎನ್ನಿಸುತ್ತದೆ ನನಗೆ.

ಕಾಗದ ಇನ್ನೂ ಹಳೆಯದು. ಚೀನಾದ ಆಸ್ಥಾನದಲ್ಲಿ ಸಾಯ್ ಲುನ್ ಎಂಬ ಅಧಿಕಾರಿ ಕ್ರಿ.ಶ. 105ರಲ್ಲಿ ಅದನ್ನು ದೊರೆಗೆ ಒಪ್ಪಿಸಿದನೆಂದು ದಾಖಲೆಯಿದೆ. ಸಮರ್ಕಂದದ ಹಾದಿಯಾಗಿ ಅದು ಅರಬರಿಗೆ ಸಿಕ್ಕಿತು. ಎಂಟನೇ ಶತಮಾನದ ಕೊನೆಯಲ್ಲಿ ಬಾಗ್ದಾದಿನಲ್ಲಿ ಕಾಗದದ ಕಾರ್ಖಾನೆ ನಡೆಯುತ್ತಿತ್ತು. ಅಲ್ಲಿ ವರ್ರಾಕರದೇ ಒಂದು ಬಜಾರು. ಕಾಗದ ಮಾರುವವರೂ ಅವರೇ, ಪುಸ್ತಕ ನಕಲು ಮಾಡುವವರೂ ಅವರೇ, ರಟ್ಟು ಕಟ್ಟುವವರೂ ಅವರೇ. ಕುವೈತ್ ಪಟ್ಟಣ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಪಕ್ಕದ ಇರಾಕಿನಲ್ಲಿ ಇದೆಲ್ಲ ನಡೆದುಹೋಗಿತ್ತು.

ಆ ಲೋಕದಲ್ಲಿ ಕತ್ತರಿಯ ಕೆಲಸಕ್ಕೂ ಮರ್ಯಾದೆಯಿತ್ತು. ಹದಿನೈದನೇ ಶತಮಾನದ ಕೊನೆಗೆ ಹೆರಾತ್ ನಗರದಲ್ಲಿ ಸುಲ್ತಾನ್ ಹುಸೇನ್ ಬಾಯ್ಕರನ ಕವಿತೆಗಳನ್ನು ಮಸಿಯಿಂದ ಬರೆಯದೆ, ಬಣ್ಣದ ಕಾಗದದಲ್ಲಿ ಒಂದೊಂದು ಅಕ್ಷರವನ್ನೂ ಕತ್ತರಿಸಿ ಇನ್ನೊಂದು ಹಾಳೆಗೆ ಅಂಟಿಸಿದರು. ಅರಬ್ಬಿ ಲಿಪಿಯ ಆ ಬಾಗು ಬಳುಕನ್ನು ಕಾಗದದಲ್ಲಿ ಹರಿಯದಂತೆ ಕೊರೆದು ತೆಗೆಯುವುದೆಂದರೆ ಸಾಮಾನ್ಯವೇ! ‘ಕತಾ’ ಎಂಬ ಹೆಸರಿನ ಈ ಕಲೆ ಮುಂದೆ ತುರ್ಕರ ಆಸ್ಥಾನಕ್ಕೂ ಹೋಯಿತು. ಕುವೈತಿನ ಜಾಬ್ರಿಯಾದಲ್ಲಿ 1980ರಲ್ಲಿ ತೆರೆದ ತಾರೆಕ್ ರಜಬ್ ಮ್ಯೂಸಿಯಂನಲ್ಲಿ ಅರಬ್ಬಿ ಬರವಣಿಗೆಯ ಹಳೆಯ ಹಾಳೆಗಳಿವೆ. ಅಲ್ಲಿಗೆ ಹೋದ ಕಾರ್ಡು ತಯಾರಕರು ಅಂಚಿನ ಚೌಕಟ್ಟುಗಳ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಇಲ್ಲಿ ನಮ್ಮ ಬಿಜಾಪುರವನ್ನು ತರದೆ ಮುಂದೆ ಹೋಗಲಾರೆ. ಹದಿನೇಳನೇ ಶತಮಾನದಲ್ಲಿ, ಆದಿಲ್‌ಶಾಹಿಗಳ ಕಾಲದಲ್ಲಿ, ಅಲ್ಲಿನ ಚಿತ್ರಗಾರರು ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಹತ್ತಿಸುವ ವಿದ್ಯೆಯನ್ನು ಬೇರೆಯವರು ಒಯ್ಯದ ಕಡೆಗೆ ಒಯ್ದರು. ಅಗಲವಾದ ತಟ್ಟೆಯಲ್ಲಿ ಗೋಂದು ಕಲಸಿದ ಮಂದ ನೀರು. ಅದರ ಮೇಲೆ ಪಿತ್ತರಸ ಬೆರೆಸಿದ ಬಣ್ಣದ ಹನಿಗಳು. ಪಿತ್ತರಸವಿದ್ದರೆ ಬಣ್ಣ ಮುಳುಗದೆ ಹರಡಿ ನಿಲ್ಲುತ್ತದೆ. ಕಡ್ಡಿಯಿಂದಲೋ ಬಾಚಣಿಗೆಯಿಂದಲೋ ಎಳೆದು ಅಲೆ ಎಬ್ಬಿಸಿ, ಮೇಲೆ ಹಾಳೆಯನ್ನು ಮೆಲ್ಲಗೆ ಮಲಗಿಸಿ ಎತ್ತಿದರೆ ಅಲೆಯೆಲ್ಲ ಹಾಳೆಗೆ. ಉಳಿದ ದೇಶಗಳಲ್ಲಿ ಇದು ಬಹುಮಟ್ಟಿಗೆ ಪುಸ್ತಕದ ಅಂಚಿಗೆ, ರಟ್ಟಿನ ಒಳಬದಿಗೆ ನಿಂತಿತ್ತು. ಬಿಜಾಪುರದವರು ಬಣ್ಣ ಹತ್ತಬಾರದ ಜಾಗವನ್ನು ಅಂಟಿನಿಂದಲೋ ಕತ್ತರಿಸಿದ ಕಾಗದದಿಂದಲೋ ಮುಚ್ಚಿ, ಅದೇ ಅಲೆಗಳಿಂದ ಮೂಳೆ ಎದ್ದ ಬಡಕಲು ಕುದುರೆಯನ್ನೂ ಅದರ ಮೇಲೊಬ್ಬ ಬೈರಾಗಿಯನ್ನೂ ಮೂಡಿಸಿದರು. ಅಂಥದೊಂದು ಹಾಳೆ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಇವತ್ತು ಮಕ್ಕಳು ತಟ್ಟೆಯಲ್ಲಿ ಶೇವಿಂಗ್ ಕ್ರೀಮ್ ಹರಡಿ, ಬಣ್ಣ ಚಿಮುಕಿಸಿ, ಕಡ್ಡಿಯಾಡಿಸಿ ಕಾರ್ಡು ಮಾಡುವಾಗ ವಿಡಿಯೋದಲ್ಲಿ ನೋಡಿದ ಫಾರಿನ್ ಐಡಿಯಾ ಎನ್ನುತ್ತಾರೆ. ಗೋಳಗುಮ್ಮಟದ ಊರಿನ ಸರಕು ಮಗಾ, ಎಂದು ಹೇಳಿದರೆ ನಂಬುವುದಿಲ್ಲ.

ಮಡಿಕೆಯ ವಿಷಯದಲ್ಲೂ ನಾವು ಹಿಂದೆ ಬಿದ್ದವರಲ್ಲ. ನಮ್ಮ ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಸಿಟ್ಟ ಕಪ್ಪು ಪುಸ್ತಕ. ಬಳಪದಿಂದ ಬರೆಯುತ್ತಿದ್ದರು, ಅಳಿಸಿ ಮತ್ತೆ ಬರೆಯುತ್ತಿದ್ದರು. ‘ಅಕಾರ್ಡಿಯನ್ ಕಾರ್ಡು’ ಎಂದು ಇವತ್ತು ಹುಟ್ಟುಹಬ್ಬಕ್ಕೆ ಕೊಡುವುದು ಅದೇ ಮಡಿಕೆ. ಇನ್ನು ಮೈಸೂರಿನ ಗಂಜೀಫಾ ಎಲೆಗಳು: ಕೈಯಲ್ಲೇ ಬಣ್ಣ ಬರೆದು ಅರಗಿನ ಹೊಳಪು ಕೊಟ್ಟ ಆಟದ ಕಾರ್ಡುಗಳು. ಮುಮ್ಮಡಿ ಕೃಷ್ಣರಾಜ ಒಡೆಯರ್ ಅವುಗಳಲ್ಲಿ ಹೊಸ ಹೊಸ ಆಟಗಳನ್ನೇ ಕಟ್ಟಿದರು. ಅವು ಶುಭಾಶಯದ ಕಾರ್ಡುಗಳಲ್ಲ, ಒಪ್ಪಿದೆ. ಆದರೂ ಕೈಯಲ್ಲಿ ಮಾಡಿದ ಕಾರ್ಡಿನ ಮಾತು ಬಂದಾಗ ಮೈಸೂರನ್ನು ಬಿಟ್ಟರೆ ಅನ್ಯಾಯ.

ಮತ್ತೆ ಕುವೈತಿಗೆ. ತೈಲಕ್ಕೆ ಮೊದಲು ಅಲ್ಲಿಯ ಹಾಯಿ ಹಡಗುಗಳು ಬಸ್ರಾದ ಖರ್ಜೂರ ತುಂಬಿಕೊಂಡು ನಮ್ಮ ಪಡುಗಡಲಿನ ಬಂದರುಗಳಿಗೆ ಬಂದು, ಮರಮಟ್ಟು ಹೇರಿಕೊಂಡು ಹೋಗುತ್ತಿದ್ದವು. ತೈಲದ ಮೇಲೆ ದಾರಿ ತಿರುಗಿತು. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಜನ ಅತ್ತ ಹೊರಟರು. ಮನೆಬಾಗಿಲಿಗೆ ಅಂಚೆಯವ ಬರುವ ಪದ್ಧತಿ ಕುವೈತಿನಲ್ಲಿ ಬೇರೂರಲಿಲ್ಲ. ಪೆಟ್ಟಿಗೆ ನಂಬರೇ ವಿಳಾಸ. ಊರಿನ ಕಾಗದ ಕಂಪನಿಯ ಪೆಟ್ಟಿಗೆಗೆ ಬಂದು, ಅಲ್ಲಿಂದ ಯಾರದೋ ಕೈಯಲ್ಲಿ ಕೆಲಸಗಾರರ ಕ್ಯಾಂಪಿಗೆ ತಲುಪಬೇಕಿತ್ತು. ಅದಕ್ಕಿಂತ ನಂಬಿಕೆಯದು, ಊರಿಗೆ ಹೋಗಿಬರುವವರ ಕೈಯಲ್ಲಿ ಕೊಟ್ಟು ಕಳಿಸುವುದು. ರಜೆಗೆ ಹೊರಟವನ ಕೋಣೆಗೆ ಹಿಂದಿನ ರಾತ್ರಿ ಲಕೋಟೆಗಳು, ಕ್ಯಾಸೆಟ್ಟುಗಳು ಬಂದು ರಾಶಿ ಬೀಳುತ್ತಿದ್ದವು. ಹೊಸ ವರ್ಷಕ್ಕೆ ಅಂಗಡಿಯ ಕಾರ್ಡು ಬಂದರೆ ಅದನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿ ಮುಂದಿನ ವರ್ಷದವರೆಗೂ ಇಟ್ಟುಕೊಂಡವರಿದ್ದಾರೆ.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ನುಗ್ಗಿತು. ಒಂದು ಲಕ್ಷಕ್ಕೂ ಮಿಕ್ಕಿದ ಭಾರತೀಯರನ್ನು ಜೋರ್ಡಾನಿನ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಕರೆತಂದರು. ಕೈಗೆ ಸಿಕ್ಕ ಚೀಲ ಹಿಡಿದು ಮರುಭೂಮಿ ದಾಟಿದವರು ಕಾಗದದ ಕಟ್ಟುಗಳನ್ನು ಎಲ್ಲಿ ಹೊತ್ತಾರು? ಅದಕ್ಕೇ ಅಲ್ಲಿಯ ನಮ್ಮವರ ಮನೆಗಳಲ್ಲಿ ಎಪ್ಪತ್ತು, ಎಂಬತ್ತರ ದಶಕದ ಕಾರ್ಡು ಕಾಣಸಿಗುವುದು ಅಪರೂಪ.

ಆಮೇಲಿನದು ನಿಮಗೆಲ್ಲ ಗೊತ್ತು. ಫೋನು ಅಗ್ಗವಾಯಿತು, ಮೊಬೈಲು ಬಂತು, ಅಂಗಡಿಯ ಕಾರ್ಡಿನ ಕಪಾಟು ಖಾಲಿಯಾಯಿತು. ಕಾರ್ಡು ಸತ್ತಿತು ಎಂದರು. ಸತ್ತದ್ದು ಅಚ್ಚಿನ ಕಾರ್ಡು. ಕುವೈತಿನ ಸಾಲ್ಮಿಯಾ, ಅಬ್ಬಾಸಿಯಾ, ಮಂಗಾಫ್‌ಗಳ ಫ್ಲಾಟುಗಳಲ್ಲಿ, ಹೊರಗೆ 50 ಡಿಗ್ರಿ ಸುಡುವ ಬೇಸಿಗೆಯ ರಜೆಯಲ್ಲಿ, ಮಕ್ಕಳನ್ನು ಕೂರಿಸಿಕೊಂಡ ತಾಯಂದಿರು ಕತ್ತರಿ ಹಿಡಿದರು. ಕೊಡಬೇಕಾದವರು ಮೂರನೇ ಮಹಡಿಯಲ್ಲೋ ಪಕ್ಕದ ಬ್ಲಾಕಿನಲ್ಲೋ ಇರುವವರು. ಸ್ಟ್ಯಾಂಪು ಬೇಡ, ತೂಕದ ಚಿಂತೆ ಬೇಡ. ಇವತ್ತಿನ ಕಾರ್ಡಿಗೆ ಬಳಸುವ 300 ಜಿ.ಎಸ್.ಎಂ. ಕಾಗದದ ಒಂದು ಎ-4 ಹಾಳೆಯೇ ಸುಮಾರು 19 ಗ್ರಾಮ್ ತೂಗುತ್ತದೆ. ಮೇಲೆ ಏನೂ ಅಂಟಿಸುವ ಮೊದಲೇ ಹಿಲ್‌ನ ಅರ್ಧ ಔನ್ಸನ್ನು ಮೀರಿತು! ಇನ್ನು ಫೋಮ್ ಟೇಪಿನ ಮೇಲೆ ಎತ್ತಿ ಕೂರಿಸಿದ ಹೂವು, ಚಕ್ಕುಲಿಯ ಹಾಗೆ ಸುತ್ತಿದ ಕ್ವಿಲ್ಲಿಂಗ್ ಪಟ್ಟಿ, ರಿಬ್ಬನ್ನು ಬೇರೆ.

ಕ್ವಿಲ್ಲಿಂಗೂ ಹೊಸದಲ್ಲ. ಯುರೋಪಿನ ಮಠಗಳ ಸನ್ಯಾಸಿನಿಯರು ಪುಸ್ತಕದ ಬಂಗಾರದ ಅಂಚನ್ನು ಕತ್ತರಿಸಿದಾಗ ಉಳಿದ ಪಟ್ಟಿಗಳನ್ನು ಸುತ್ತಿ ದೇವರ ಚಿತ್ರಕ್ಕೆ ಸಿಂಗಾರ ಮಾಡುತ್ತಿದ್ದರು. ಹಾಲೆಂಡಿನವರ ಐರಿಸ್ ಫೋಲ್ಡಿಂಗ್ ಕೂಡ ಹಾಗೇ ಉಳಿಕೆಯ ಕಲೆ. ಒಳಗಿನ ಬರಹ ಕಾಣದಿರಲೆಂದು ಲಕೋಟೆಯ ಒಳಬದಿಗೆ ಅಚ್ಚು ಹಾಕುತ್ತಾರಲ್ಲ, ಆ ನಮೂನೆಯ ಪಟ್ಟಿಗಳನ್ನೇ ಕತ್ತರಿಸಿ ಸುರುಳಿಯಾಗಿ ಜೋಡಿಸುವುದು. ಬ್ಯಾಂಕಿನ ಲಕೋಟೆ ಎಸೆಯುವ ಮೊದಲು ಒಳಗೊಮ್ಮೆ ಇಣುಕಿ ನೋಡಿ.

ತೆರೆದಾಗ ಎದ್ದು ನಿಲ್ಲುವ ಪಾಪ್-ಅಪ್ ಕಾರ್ಡಿಗೆ ಒಂದೇ ಲೆಕ್ಕ. ನಿಲ್ಲುವ ತುಂಡನ್ನು ಕಾರ್ಡಿನ ಎರಡು ಬದಿಗೂ ಅಂಟಿಸುತ್ತೀರಿ. ನಡುಮಡಿಕೆಯಿಂದ ಈಚೆ ಅಂಟು ಎಷ್ಟು ದೂರ, ಆಚೆ ಎಷ್ಟು ದೂರ, ಎರಡನ್ನೂ ಕೂಡಿಸಿ. ಆ ಮೊತ್ತ ತೆರೆದ ಕಾರ್ಡಿನ ಅರ್ಧ ಅಗಲಕ್ಕಿಂತ ಹೆಚ್ಚಾದರೆ ಮುಚ್ಚಿದಾಗ ತುಂಡು ಹೊರಗೆ ಮೂತಿ ಚಾಚುತ್ತದೆ. ಮಡಿಸುವ ಮೊದಲು ಮೊಂಡಾದ ಕಡ್ಡಿಯಿಂದ ಗೆರೆ ಒತ್ತಿ, ಕಾಗದದ ನಾರು ಹರಿದ ದಿಕ್ಕಿನಲ್ಲೇ ಮಡಿಸಿದರೆ ಅಂಚು ಬಿರಿಯುವುದಿಲ್ಲ. ಕುವೈತಿನಲ್ಲಿ ಇನ್ನೊಂದು ಪಾಠವಿದೆ: ಬಿಸಿ ಅಂಟಿನಿಂದ ಮಾಡಿದ ಕಾರ್ಡನ್ನು ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟು ಅಂಗಡಿಗೆ ಹೋಗಬೇಡಿ. ಬರುವಷ್ಟರಲ್ಲಿ ಹೂವು ಜಾರಿ ಕೆಳಗಿಳಿದಿರುತ್ತದೆ.

ಅಲ್ಲಿನ ನಮೂನೆಗಳೂ ನಮ್ಮೂರಿನವೂ ಈ ಕೆಲಸಕ್ಕೆ ಬಂದಿವೆ. ಬದೂಯಿನ್ ಹೆಂಗಸರು ಉಣ್ಣೆಯಲ್ಲಿ ನೇಯುವ ಸಾದೂವಿನ ಕೆಂಪು, ಕಪ್ಪು, ಬಿಳಿ ತ್ರಿಕೋಣಗಳನ್ನು ಕಾಗದದ ಪಟ್ಟಿ ಹೆಣೆದು ತರಬಹುದು. ಸಾದೂ ನೇಯ್ಗೆಯನ್ನು ಯುನೆಸ್ಕೊ 2020ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಪಕ್ಕದಲ್ಲೇ ನಮ್ಮ ಕರಾವಳಿಯ ಗೂಡುದೀಪದ ಬಣ್ಣದ ಕಾಗದ, ಯಕ್ಷಗಾನದ ವೇಷ ನೆನಪಿಸುವ ಬೇಗಡೆ. ಫೆಬ್ರವರಿ 25ರ ಕುವೈತ್ ರಾಷ್ಟ್ರೀಯ ದಿನಕ್ಕೆ ಶಾಲೆಯಲ್ಲಿ ಹಸಿರು, ಬಿಳಿ, ಕೆಂಪು, ಕಪ್ಪಿನ ಕಾರ್ಡು ಮಾಡಿದ ಮಗು ನವೆಂಬರ್ 1ಕ್ಕೆ ಹಳದಿ ಕೆಂಪು ಹಾಳೆ ಕೇಳುತ್ತದೆ.

ಕೊನೆಗೆ ಚೀಟಿ, ಎಲ್ಲರೂ ‘ಟ್ಯಾಗ್’ ಎನ್ನುವುದು. ಸರಕಿನ ಮೂಟೆಗೆ ದಾರದಲ್ಲಿ ಕಟ್ಟಿದ ಕಾಗದದ ಚೀಟಿ ತೂತಿನಲ್ಲಿ ಹರಿದು ಎಲ್ಲೋ ಬಿದ್ದುಹೋಗುವುದು ವ್ಯಾಪಾರಿಗಳ ಹಳೆಯ ಗೋಳು. 1863ರಲ್ಲಿ ಅಮೆರಿಕದ ಡೆನಿಸನ್ ಎಂಬಾತ ತೂತಿನ ಸುತ್ತ ಎರಡೂ ಬದಿಗೆ ಕಾಗದದ ಉಂಗುರ ಅಂಟಿಸಿ ಪೇಟೆಂಟ್ ಪಡೆದ. ಅಷ್ಟೇ ಅವನ ಉಪಾಯ! ಗಲ್ಫಿನಿಂದ ಬಂದವರ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳನ್ನು ನೋಡಿದವರಿಗೆ ಚೀಟಿಯ ಬೆಲೆ ಹೇಳಬೇಕಾಗಿಲ್ಲ.

ಕುವೈತಿನಲ್ಲಿ ಚೀಟಿಯ ಹಬ್ಬವೆಂದೇ ಕರೆಯಬಹುದಾದದ್ದು ಗರ್ಗೀಆನ್. ರಂಜಾನಿನ ನಡುವೆ, 13, 14, 15ನೆಯ ರಾತ್ರಿಗಳಲ್ಲಿ ಮಕ್ಕಳು ಕತ್ತಿಗೆ ಬಟ್ಟೆಯ ಚೀಲ ತೂಗುಹಾಕಿಕೊಂಡು ಹಾಡುತ್ತ ಮನೆ ಮನೆಗೆ ಹೋಗುತ್ತಾರೆ. ಮನೆಯವರು ಬಾದಾಮಿ, ಕಡಲೆ, ಮಿಠಾಯಿ ಸುರಿಯುತ್ತಾರೆ. ಹಿಂದೆ ಬೊಗಸೆಯಲ್ಲಿ ಹಾಕುತ್ತಿದ್ದುದನ್ನು ಈಗ ಸಿಂಗರಿಸಿದ ಪುಟ್ಟ ಡಬ್ಬಿಗಳಲ್ಲಿ ಹಂಚುವವರು ಹೆಚ್ಚಾಗಿದ್ದಾರೆ, ಡಬ್ಬಿಗೆ ಮನೆಯ ಮಗುವಿನ ಹೆಸರಿನ ಚೀಟಿ. ಹಣವಿದ್ದವರು ಅಂಗಡಿಗೆ ಹೇಳಿ ಮಾಡಿಸುತ್ತಾರೆ. ನೆರೆಮನೆಯ ಕುವೈತಿ ಮಕ್ಕಳಿಗೆ ಕೊಡಲೆಂದು ನಮ್ಮ ಮಕ್ಕಳು ಮಾಡುವ ಚೀಟಿಯಲ್ಲಿ ಅರಬ್ಬಿ ಹೆಸರು ಬಲದಿಂದ, ಕೆಳಗೆ ಕನ್ನಡದ್ದು ಎಡದಿಂದ. ಅರಬ್ಬಿ ಉದ್ದವಾದರೆ ಎಡಗಡೆಯ ತೂತಿನೊಳಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ಮೊದಲು ತೂತು ಹೊಡೆದು, ಉಂಗುರ ಅಂಟಿಸಿ, ಒಣಗಿದ ಮೇಲೆ ಹೆಸರು ಬರೆಯಿರಿ.