ಮೊಡವೆ ಮುಖಕ್ಕೆ ಫೌಂಡೇಶನ್: ಬಾಟಲಿಯ ಹಿಂಭಾಗ ಓದಿ

ಮದುವೆ ಸೀಸನ್ ಬಂತು ಅಂದ್ರೆ ನನಗೆ ಬರೋದು ಒಂದೇ ಪ್ರಶ್ನೆ: "ಮುಖದ ತುಂಬಾ ಮೊಡವೆ, ಯಾವ ಫೌಂಡೇಶನ್ ತಗೊಳ್ಳಲಿ?"

ಬ್ರ್ಯಾಂಡ್ ಹೆಸರು ಹೇಳಲ್ಲ. ನಾನು ಬಿ.ಕಾಂ ಓದಿದವಳು, ಡಾಕ್ಟರ್ ಅಲ್ಲ. ಆದ್ರೆ ಲೇಬಲ್ ಓದೋದು ಲೆಕ್ಕಪತ್ರ ಓದಿದ ಹಾಗೇನೇ: ಮುಂದೆ ಜಾಹೀರಾತು, ಹಿಂದೆ ಅಸಲಿ ವಿಷಯ.

'ನಾನ್-ಕಾಮಿಡೋಜೆನಿಕ್' ಅಂದ್ರೆ ಚರ್ಮದ ರಂಧ್ರ ಮುಚ್ಚೋದಿಲ್ಲ ಅನ್ನೋ ಭರವಸೆ. ಆದ್ರೆ ಎಲ್ಲಾ ಕಂಪನಿಗಳೂ ಪಾಲಿಸಲೇಬೇಕಾದ ಒಂದೇ ಪರೀಕ್ಷೆ ಇದಕ್ಕಿಲ್ಲ. ಮೇಕಪ್‌ನಿಂದ ಬರೋ ಮೊಡವೆಗೆ ಅಮೆರಿಕದ ಕ್ಲಿಗ್‌ಮನ್ ಮತ್ತು ಮಿಲ್ಸ್ 1972ರಲ್ಲೇ 'ಆಕ್ನೆ ಕಾಸ್ಮೆಟಿಕಾ' ಎಂದು ಹೆಸರಿಟ್ಟರು. ಅವರು ಪರೀಕ್ಷೆಗೆ ಬಳಸಿದ್ದು ಮೊಲದ ಕಿವಿ. ನಿಮ್ಮ ಮುಖ ಮೊಲದ ಕಿವಿಯಲ್ಲ. ಹಾಗಾಗಿ ಆ ಪದ ಮೊದಲ ಜರಡಿ ಅಷ್ಟೇ, ಗ್ಯಾರಂಟಿ ಅಲ್ಲ.

ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ಇರೋದು ಮೊದಲು ಬರುತ್ತೆ. ಕೊಬ್ಬರಿ ಎಣ್ಣೆ, ಕೋಕೋ ಬಟರ್, ಐಸೊಪ್ರೊಪೈಲ್ ಮಿರಿಸ್ಟೇಟ್ ಮೇಲಿನ ಸಾಲಲ್ಲೇ ಕಂಡ್ರೆ ವಾಪಸ್ ಇಡಿ. ಶೇಡ್ ಕೈ ಮೇಲೆ ನೋಡಬೇಡಿ. ದವಡೆಗೆ ಹಚ್ಚಿ, ಅಂಗಡಿಯಿಂದ ಹೊರಗೆ ಬಂದು ಹಗಲು ಬೆಳಕಲ್ಲಿ ನೋಡಿ. ಸಣ್ಣ ಪ್ಯಾಕ್ ತಗೊಂಡು ಒಂದೆರಡು ವಾರ ಅಷ್ಟೇ ಜಾಗಕ್ಕೆ ಹಚ್ಚಿ, ಸರಿಹೋದ್ರೆ ಇಡೀ ಮುಖಕ್ಕೆ. ಅಂದ್ರೆ ಮದುವೆ ಹಿಂದಿನ ದಿನ ಖರೀದಿ ಬೇಡ. ಸ್ಪಂಜ್ ತೊಳೀತಾ ಇರಿ, ರಾತ್ರಿ ಮೇಕಪ್ ತೆಗೆದೇ ಮಲಗಿ.

ಇನ್ನೊಂದು ಮಾತು. 'ಬೇಗ ಬೆಳ್ಳಗಾಗ್ತೀರಾ' ಅಂತ ಯಾರಾದ್ರೂ ಕೊಡೋ ಸ್ಟೀರಾಯ್ಡ್ ಕ್ರೀಮ್ ಬೇಡವೇ ಬೇಡ. ಅದರಿಂದಲೇ ಮೊಡವೆ ಏಳಬಹುದು. ನೋವಿರೋ, ಗುಳಿ ಬೀಳೋ ಮೊಡವೆಯಾದ್ರೆ ಫೌಂಡೇಶನ್‌ಗೆ ಇಟ್ಟ ದುಡ್ಡನ್ನ ಮೊದಲು ಚರ್ಮವೈದ್ಯರಿಗೆ ಕೊಡಿ. ಬಣ್ಣ ಸಂಜೆ ತೊಳೆದು ಹೋಗುತ್ತೆ, ಗುಳಿ ಹೋಗಲ್ಲ.

ಮುಂದಿನ ವಾರ ಸಿಗೋಣ.