ಗಾಜಿಗೆ ಅಂಟದ ಜೀವಕೋಶ, ಗಂಗೊಳ್ಳಿಯ ಚಟ್ಲಿ ಸಿಪ್ಪೆ

ಬೈಂದೂರು, ಬ್ರಹ್ಮಾವರ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೆ ಇವತ್ತು ಲ್ಯಾಬಿನ ಕಥೆ.

ನಾನು ಟೆಕ್ನಿಶಿಯನ್ ಆಗಿ ಸೇರಿದ ಹೊಸತು. ಕುಂದಾಪುರ ಕಡೆಯ ಅಜ್ಜಿಯೊಬ್ಬರ ಬಯಾಪ್ಸಿ ಬಂದಿತ್ತು, ಅಕ್ಕಿ ಕಾಳಿನಷ್ಟು ತುಂಡು. ತೆಳ್ಳಗೆ ಕೊಯ್ದು, ಮಾಮೂಲಿ ಸ್ಲೈಡ್ ಮೇಲೆ ಕೂರಿಸಿ, ಬಿಸಿ ದ್ರಾವಣದಲ್ಲಿಟ್ಟೆ. ತೆಗೆದು ನೋಡಿದ್ರೆ ಗಾಜು ಖಾಲಿ! ಪದರ ತೇಲಿಹೋಗಿತ್ತು. ಇನ್ನೆರಡು ಪದರಕ್ಕಾಗುವಷ್ಟೇ ಉಳಿದಿತ್ತು. ಅದೂ ಹೋದ್ರೆ ಅಜ್ಜಿಗೆ ಮತ್ತೆ ಸೂಜಿ.

ಯಾಕೆ ಹೀಗಾಯ್ತು? ನೀರಿನಲ್ಲಿ ಗಾಜಿನ ಮೈ ನೆಗೆಟಿವ್ ಚಾರ್ಜ್, ಜೀವಕೋಶದ ಮೈಯೂ ನೆಗೆಟಿವ್. ಒಂದನ್ನೊಂದು ದೂಡ್ತವೆ. ನಡುವೆ ಪಾಸಿಟಿವ್ ಚಾರ್ಜಿನ ಪಾಲಿಮರ್ ಬಳಿದರೆ ಅದು ಎರಡನ್ನೂ ಹಿಡ್ಕೊಳ್ಳುತ್ತೆ. ಪಾಲಿಲೈಸಿನ್ ಅಂಥದ್ದು, ಲೈಸಿನ್ ಅನ್ನೋ ಅಮೈನೋ ಆಮ್ಲದ ಉದ್ದ ಸರ. ಒಂದು ಮಣಿಯಿಂದ ಏನೂ ಆಗೋದಿಲ್ಲ. ನೂರಾರು ಕಡೆ ಹಿಡಿದಿರೋದ್ರಿಂದ ಒಂದೆರಡು ಬಿಟ್ಟರೂ ಉಳಿದವು ಬಿಡಲ್ಲ. 1975ರಲ್ಲಿ ಅಮೆರಿಕದ ಡೇನಿಯಲ್ ಮೇಜಿಯಾ ಮತ್ತು ಜತೆಗಾರರು ಇದರ ಬಗ್ಗೆ ಬರೆದರು.

ಪೂರ್ತಿ ಬಳಿಯೋ ಬದಲು ರಂಗೋಲಿ ಅಚ್ಚಿನ ಹಾಗೆ ಒತ್ತಿದರೆ ಎಂತ ಆಗುತ್ತೆ? ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ 1990ರ ದಶಕದಲ್ಲಿ ಮೆತ್ತನೆ ಸಿಲಿಕೋನ್ ರಬ್ಬರಿನ ಅಚ್ಚು ತಂದರು. ಅವರ ಶಾಯಿ ಬೇರೆ ಇತ್ತು. ಆಮೇಲೆ ಅಂಥದ್ದೇ ಅಚ್ಚಿನಿಂದ ಪಾಲಿಲೈಸಿನ್ ಗೆರೆ ಒತ್ತಿದಾಗ ನರಕೋಶಗಳು ಆ ಗೆರೆ ಹಿಡಿದೇ ಬೆಳೆದವು. ಗೆರೆ ಆಚೆ ಪಾಲಿಎಥಿಲಿನ್ ಗ್ಲೈಕಾಲ್ ಬಳಿದರೆ ಅಲ್ಲಿ ಜೀವಕೋಶ ಕೂರೋದು ಕಷ್ಟ. ಯಾವ ಕೋಶ ಎಲ್ಲಿ ಇರಬೇಕು ಅಂತ ನಾವೇ ಹೇಳ್ಬಹುದು!

ಆದ್ರೆ ಚಾರ್ಜಿಗೆ ಬೇಕಾದವರು ಬೇಡದವರು ಅಂತಿಲ್ಲ. ಬ್ಯಾಕ್ಟೀರಿಯಾ ಬಂದ್ರೂ ಹಿಡ್ಕೊಳ್ಳುತ್ತೆ. ಪಾಸಿಟಿವ್ ಜಾಸ್ತಿಯಾದ್ರೆ ಕೋಶದ ಪೊರೆಯೇ ಹರಿದು ಸಾಯುತ್ತೆ.

ಇಂಥ ಇನ್ನೊಂದು ಪಾಲಿಮರ್ ಗಂಗೊಳ್ಳಿ ಬಂದರಿಗೆ ಬರೋ ಚಟ್ಲಿಯ ಸಿಪ್ಪೆಯಲ್ಲೇ ಅಡಗಿದೆ. ಅಲ್ಲಿನ ಕೈಟಿನ್ನನ್ನು ಕ್ಷಾರದಲ್ಲಿ ಕಾಯಿಸಿದರೆ ಕೈಟೋಸಾನ್. ವಿನೆಗರ್‌ನಂಥ ಹುಳಿಯಲ್ಲಿ ಕರಗಿ ಪಾಸಿಟಿವ್ ಆಗುತ್ತೆ. ರಕ್ತ ನಿಲ್ಲಿಸೋ ಬ್ಯಾಂಡೇಜಿಗೂ ಬಳಸ್ತಾರೆ. ಮನೆಯಲ್ಲಿ ಮಾಡ್ಲಿಕ್ಕೆ ಹೋಗ್ಬೇಡಿ ಮಾರ್ರೆ, ಅದು ಕಾಸ್ಟಿಕ್ ಸೋಡಾದ ಕೆಲಸ. ನಾವೋ ಸಾರು ಮಾಡಿ ಸಿಪ್ಪೆ ಬಿಸಾಡ್ತೇವೆ.

ಅಜ್ಜಿಯ ಉಳಿದ ಪದರವನ್ನು ಪಾಲಿಲೈಸಿನ್ ಬಳಿದ ಸ್ಲೈಡ್ ಮೇಲೆ ಕೂರಿಸಿದೆವು. ಮತ್ತದೇ ಬಿಸಿ ದ್ರಾವಣ. ತೆಗೆಯುವಾಗ ಕೈ ನಡುಗ್ತಿತ್ತು. ಪದರ ಅಲ್ಲೇ ಇತ್ತು.